ಮುಳ್ಳು ಚಪ್ಪಟೆಯಾದ ಗಾಳ

ಅಪ್ಪ,

ನೀವಿಲ್ಲದ ನಾಲ್ಕನೇ ಡಿಸೆಂಬರ್ ಇದು. ಶುಕ್ರವಾರ ನಿಮ್ಮ ಗಾಳದ ಕೋಲು, ಆ ಫ್ಲೈ ರಾಡ್, ಹಿಡಿದು ವೈಟ್ಟಿಲ ನಿಲ್ದಾಣದಲ್ಲಿ ಮುನ್ನಾರಿನ ಬಸ್ ಹತ್ತಿದೆ. ಮರುದಿನ ಬೆಳಗ್ಗೆ ಮಂಜಿನಲ್ಲೇ ಎರಡು ಗಂಟೆ ನಡೆದು, ಕಮರಿಯ ತಳಕ್ಕಿಳಿದು, ಹೊಳೆಯ ಮೊಣಕಾಲುದ್ದ ನೀರಿನಲ್ಲಿ ನಿಂತೆ. ಕೊರೆಯುವ ಚಳಿ. ಮೀನು ಸಿಗುವವರೆಗೂ ಕದಲಬಾರದೆಂದು ನಿಂತೆ. ನೀವು ಹುಂಜದ ಗರಿ ಸುತ್ತಿ ನೊಣದಂತೆ ಮಾಡಿಟ್ಟಿದ್ದ ಗಾಳಕ್ಕೆ ಮಧ್ಯಾಹ್ನ ಒಂದು ಟ್ರೌಟ್ ಮೀನು ಬಾಯಿ ಹಾಕಿತು.

ಮೀನು ಜಾರದಂತೆ ಹಿಡಿಯುವ ಆ ಗಾಳದ ಹಿಮ್ಮುಖ ಮುಳ್ಳನ್ನು ನೀವು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದಿರಿ. ಹಾಳಾದ ಗಾಳ ಎಂದೇ ನಾನು ತಿಳಿದಿದ್ದೆ. ಬೆರಳು ತಾಗಿಸಿದೊಡನೆ ಗಾಳ ಮೀನಿನ ಬಾಯಿಂದ ಗಾಯ ಮಾಡದೆ ಕಳಚಿಕೊಂಡಿತು. ಮೀನು ಹೊರಟುಹೋಯಿತು.

ತಿರುವನಂತಪುರದ ಕ್ವಾರ್ಟರ್ಸಿನಲ್ಲಿ ನಿಮ್ಮ ಆಫೀಸಿನವರೆಲ್ಲ ಕೂತಿದ್ದಾಗ, "ಅಪ್ಪಂಗೆ ಮೀನೇ ಸಿಗಲ್ಲ, ಬಿಟ್ಟು ಬಂದೆ ಅಂತ ಸುಳ್ಳು ಹೇಳ್ತಾರೆ" ಅಂದಿದ್ದೆ. ನನಗಾಗ ಹನ್ನೊಂದು ವರ್ಷ. ಅವರೊಂದಿಗೆ ನೀವೂ ನಕ್ಕಿರಿ. ಆ ವಾರವೇ ರಾಡ್ ಅಟ್ಟ ಸೇರಿತು.

ನಿನ್ನೆ ಪಾಲಾರಿವಟ್ಟಂನ ಮನೆಗೆ ಬಂದಾಗ ಮಗಳು ಅನ್ವಿತಾ ಚೀಲ ತಡಕಿ, "ಮೀನ್ ಎವಿಡೆ?" ಎಂದು ಮಲಯಾಳದಲ್ಲೇ ಮೀನೆಲ್ಲಿ ಅಂತ ಕೇಳಿದಳು.

"ಬಿಟ್ಟು ಬಂದೆ ಕಣೇ."

ನಕ್ಕಳು. ನಂಬಲಿಲ್ಲ.

ರಾಡನ್ನು ನಾನು ಅಟ್ಟಕ್ಕೆ ಹಾಕುವುದಿಲ್ಲ. ಬರುವ ಶನಿವಾರ ಅವಳನ್ನೂ ಕಮರಿಗೆ ಕರೆದೊಯ್ಯುತ್ತೇನೆ. ಮೀನು ಬಿಡಿಸುವ ಕೈ ಅವಳದೇ ಆಗಬೇಕು.