ಜಸಿಂತಾಳ ಫೋಟೋಗೆ ಹಾಕಿದ ಹಾರ

ಶಿಡ್ಲಘಟ್ಟ
೧೪ ಜುಲೈ ೨೦೨೫, ಸೋಮವಾರ

ಮುದ್ದಿನ ಮಗಳು ಜಸಿಂತಾಳಿಗೆ ಅಮ್ಮನ ಆಶೀರ್ವಾದ. ಯೇಸುವಿಗೆ ಸ್ತೋತ್ರ.

ಹೇಗಿದ್ದೀಯಮ್ಮ? ಮೈಸೂರಿನಲ್ಲಿ ಮಳೆ ಹಿಡಿದಿದೆಯಂತೆ, ನಿನ್ನ ಕೆಮ್ಮು ಹೇಗಿದೆ? ಕನ್ಯಾಮಠದಲ್ಲಿ ಬೆಳಗ್ಗೆಯೇ ತಣ್ಣೀರು ಹುಯ್ದುಕೊಳ್ಳಬೇಡ. ಕೇಳಿದರೆ ಮದರ್ ಅವರು ಒಂದು ಚೆಂಬು ಬಿಸಿನೀರು ಕೊಡದೆ ಇರುತ್ತಾರೆಯೇ? ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಕಡಿಮೆಯಾಗಿದೆ. ಈ ಸಲ ರೇಷ್ಮೆಗೂಡು ಒಳ್ಳೆಯದು ಸಿಕ್ಕಿದೆ, ಎಳೆ ಹರಿಯದೆ ನೂಲು ಬಿಚ್ಚಿಕೊಳ್ಳುತ್ತಿದೆ. ದಿನವಿಡೀ ಬಿಸಿನೀರಲ್ಲಿ ಗೂಡು ಕೆದಕಿ ನನ್ನ ಬೆರಳು ಬೆಳ್ಳಗಾಗಿರುವುದು ಇದ್ದದ್ದೇ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಕೊನೆಯಲ್ಲಿ ಒಂದು ಸಾಲು ಬರೆದಿದ್ದೆಯಲ್ಲ, "ಅಮ್ಮಾ, ನಾನು ಸಿಸ್ಟರ್ ಆಗದೆ ಮನೆಗೆ ಬಂದುಬಿಟ್ರೆ ನೀನು ಊರಲ್ಲಿ ಹೆಂಗೆ ತಲೆ ಎತ್ಕೊಂಡು ಓಡಾಡ್ತೀಯ?" ಅಂತ. ಅಪ್ಪನಿಗೆ ಓದಿ ಹೇಳುವಾಗ ಆ ಸಾಲನ್ನು ನುಂಗಿಕೊಂಡೆ. ಉತ್ತರ ಬರೆಯದೆ ಇದ್ದದ್ದಕ್ಕೆ ಕೆಲಸ ಕಾರಣವಲ್ಲ ಕಣೇ, ಹೆದರಿಕೆ. ನೀನು ಮಠಕ್ಕೆ ಹೊರಟ ದಿನ ಚರ್ಚಿಗೆಲ್ಲ ಪಾಯಸ ಹಂಚಿದವಳು ನಾನು. ನಿನಗೆ ಬಿಳಿ ಉಡುಪು ಕೊಟ್ಟ ದಿನದ ಫೋಟೋಗೆ ಚಿಕ್ಕಬಳ್ಳಾಪುರದಲ್ಲಿ ಕಟ್ಟು ಹಾಕಿಸಿ, ಮನೆಯ ಪ್ರಾರ್ಥನಾ ಪೀಠದ ಮೇಲಿನ ಗೋಡೆಗೆ ಸಂತ ಅಂತೋಣಿಯವರಿಗೂ ಸಂತ ತೆರೇಸಮ್ಮನವರಿಗೂ ನಡುವೆ ತೂಗುಹಾಕಿದವಳೂ ನಾನೇ. ಶನಿವಾರ ಶನಿವಾರ ಅವರಿಗೆ ಕನಕಾಂಬರದ ಹಾರ ಹಾಕುವಾಗ ನಿನಗೂ ಒಂದು ಹಾಕುತ್ತಿದ್ದೆ. ಬರೀ ಸಂತೋಷಕ್ಕೆ.

ಮೊನ್ನೆ ಶನಿವಾರ ಪ್ರಾರ್ಥನಾ ಕೂಟ ನಮ್ಮ ಮನೆಯಲ್ಲಿತ್ತು. ಯಾರ ಮನೆಯಲ್ಲಿ ಕೂಟವೋ ಅವರು ಒಬ್ಬ ಸಂತರ ಬದುಕು ಹೇಳಿ, ಈ ಕಾಲದ ನಾವು ಅದರಿಂದ ಕಲಿಯುವುದೇನು ಎಂದು ಎರಡು ಮಾತು ಸೇರಿಸಬೇಕು. ಅವತ್ತು ತೆರೇಸಮ್ಮನವರ ಅಪ್ಪ ಅಮ್ಮ, ಲೂಯಿ ಮತ್ತು ಝೆಲಿಯವರ ಹಬ್ಬ. ಫಾದರ್ ಪುಸ್ತಕ ಕೊಟ್ಟು ಕಳಿಸಿದ್ದರು. ಝೆಲಿಯಮ್ಮನವರು ಮನೆಯಲ್ಲೇ ನೂಲಿನ ಲೇಸ್ ಪಟ್ಟಿ ಹೆಣೆದು ಬದುಕಿದವರಂತೆ. ನೂಲು ಹಿಡಿದ ಕೈ ಅಂದಮೇಲೆ ನಮ್ಮ ಬೀದಿಯವರೇ ಅನ್ನಿಸಿತು.

ಜಪಸರ ಮುಗಿಯುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಮಂಗಮ್ಮ ಬಾಗಿಲಿಗೆ ಬಂದಳು. ಬಾಣಂತನಕ್ಕೆಂದು ಆರು ತಿಂಗಳು ಕೈವಾರದಲ್ಲಿ ಮಗಳ ಮನೆಯಲ್ಲಿದ್ದು, ಅವತ್ತೇ ವಾಪಸಾಗಿದ್ದಳು. ಬಂದವಳು ಗೋಡೆ ನೋಡಿದಳು, ಹಾರ ನೋಡಿದಳು, ಮುಂದೆ ಉರಿಯುವ ಮೇಣದಬತ್ತಿ ನೋಡಿದಳು. "ಅಯ್ಯೋ ದೇವುಡಾ! ಯಾವಾಗ ಹೋಯ್ತಮ್ಮಾ ಮಗು? ನನಗೊಂದು ಮಾತು ಹೇಳ್ಲಿಲ್ವಲ್ಲೇ ಲೂರ್ದಮ್ಮ!" ಎಂದು ಎದೆ ಬಡಿದುಕೊಂಡು ಅಲ್ಲೇ ಕುಸಿದಳು. ಅವರಲ್ಲಿ ಫೋಟೋಗೆ ಹಾರ ಬೀಳುವುದು ಯಾರಿಗೆ ಹೇಳು. ನೀನು ಬದುಕಿದ್ದೀಯ ಎಂದು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂಗಮ್ಮನೂ ಕಣ್ಣೊರೆಸಿಕೊಂಡು, "ಜೀವ ಇರೋ ಹುಡುಗೀನ ಯಾಕೆ ಹಂಗೆ ಗೋಡೆಗೆ ಏರಿಸಿದೀಯೇ ತಾಯಿ?" ಎಂದಳು. ಆಗ ನನ್ನ ನಗು ನಿಂತುಹೋಯಿತು.

ಆಮೇಲೆ ಪುಸ್ತಕ ಓದಲು ಕೂತೆ. ಝೆಲಿಯಮ್ಮನವರು ಹುಡುಗಿಯಾಗಿದ್ದಾಗ ಸಿಸ್ಟರ್ ಆಗಬೇಕೆಂದು ಹೋದರೆ ಮಠದವರು ಬೇಡವೆಂದು ಕಳಿಸಿದರಂತೆ. ಅವರ ಮಗಳು ಲಿಯೊನಿ ಮೂರು ಸಲ ಮಠ ಸೇರಿ ಮೂರು ಸಲವೂ ಹೊರಗೆ ಬಂದಳಂತೆ. ಮೊದಲ ಸಲ ಬಂದಾಗ ತಾಯಿ ಆಗಲೇ ತೀರಿಕೊಂಡಿದ್ದರು, ತಂದೆಯೇ ಮನೆಯೊಳಗೆ ಕರೆದುಕೊಂಡರು. ಅಲ್ಲಿಗೆ ಬಂದು ಪುಸ್ತಕ ಮುಚ್ಚಿಟ್ಟೆ. ಕಲಿಯುವ ಎರಡು ಮಾತು ಹೇಳಲಾಗಲಿಲ್ಲ, ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದೆ. ಹೇಳಬೇಕಾದ್ದನ್ನು ಈಗ ನಿನಗೆ ಹೇಳುತ್ತೇನೆ. ಆ ಮನೆಯವರು ಸಂತರಾದದ್ದು ಮಕ್ಕಳನ್ನು ಮಠಕ್ಕೆ ಕಳಿಸಿದ್ದಕ್ಕೆ ಮಾತ್ರ ಅಲ್ಲ, ವಾಪಸ್ ಬಂದವಳಿಗೆ ತಟ್ಟೆ ಇಟ್ಟಿದ್ದಕ್ಕೂ.

ಅವರೆಲ್ಲ ಹೋದಮೇಲೆ ನಿನ್ನ ಆ ಸಾಲನ್ನು ಅಪ್ಪನಿಗೆ ಓದಿದೆ. ನೂಲಿನ ಲಡಿ ಕಟ್ಟುತ್ತಿದ್ದವರು ತಲೆಯೆತ್ತದೆ, "ಈ ಮನೆ ಕಟ್ಟಿಸಿದ್ದು ಮಗಳಿಗಾ, ಫೋಟೋಗಾ?" ಎಂದರು. ಆಮೇಲೆ ತಾವೇ ಸ್ಟೂಲ್ ಹತ್ತಿ ನಿನ್ನನ್ನು ಗೋಡೆಯಿಂದ ಇಳಿಸಿದರು. ಮಂಡಿನೋವಿನವರು! ನಾನು ಸ್ಟೂಲ್ ಹಿಡಿದುಕೊಂಡೆ.

ಮದರ್ ಅವರಿಗೆ, ನಿನ್ನ ಜೊತೆಯ ಸಿಸ್ಟರ್‌ಗಳಿಗೆ ನಮ್ಮ ಸ್ತೋತ್ರ ತಿಳಿಸು. ಮಾತೆ ಮರಿಯಮ್ಮನವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಲೂರ್ದಮ್ಮ

ಮರೆತಿದ್ದೆ: ಈ ತಿಂಗಳ ಕೊನೆಯ ಭಾನುವಾರ ನಿಮ್ಮನ್ನು ನೋಡಲು ಬಿಡುತ್ತಾರಲ್ಲ, ಅಪ್ಪ ಬರುತ್ತಾರೆ. ಅವರ ಹತ್ತಿರ ಏನೂ ವಿವರಿಸಬೇಡ, ಇಂಥ ಮಾತಾಡಲು ಅವರಿಗೂ ಬಾಯಿ ಬರುವುದಿಲ್ಲ. ಬರುವ ಮನಸ್ಸಿದ್ದರೆ ಮದರ್ ಅವರಿಗೆ ಮೊದಲೇ ಹೇಳಿ, ನಿನ್ನ ಪೆಟ್ಟಿಗೆಯನ್ನು ಬಾಗಿಲ ಹತ್ತಿರ ಇಟ್ಟಿರು. ಕಂಡರೆ ಎತ್ತಿಕೊಂಡು ಬರುತ್ತಾರೆ, ಕಾಣದಿದ್ದರೆ ಚಕ್ಕುಲಿ ಕೊಟ್ಟು ಬರುತ್ತಾರೆ. ಯಾವುದಾದರೂ ನನಗೆ ಸಂತೋಷವೇ. ಆದರೂ ಅವತ್ತು ಸಂಜೆ ಮೂರು ಜನಕ್ಕೇ ಅಕ್ಕಿ ಹಾಕಿರುತ್ತೇನೆ.