ಐದು ಸ್ಲೈಡುಗಳು

ಅಪ್ಪಾ,

ನೀನು ಹೋದ ಮೇಲೆ, ನಮ್ಮ ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ನಿನ್ನನ್ನು ಮಲಗಿಸಿದ್ದ ಆ ಹಾಸಿಗೆಯ ಕಡೆ ಸರಿಯಾಗಿ ನೋಡಿರಲಿಲ್ಲ. ಇವತ್ತು ಅದರ ಮೇಲೆ ನಿನ್ನ ವಯಸ್ಸಿನ ಬಸ್ ಡ್ರೈವರೊಬ್ಬರು ಮಲಗಿದ್ದರು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಡಾಕ್ಟರು ಎದೆಯೊಳಕ್ಕೆ ಸೂಜಿ ಇಳಿಸಿ ಶ್ವಾಸಕೋಶದ ಗಡ್ಡೆಯಿಂದ ತೆಗೆದದ್ದನ್ನು ನಾನು ಅಲ್ಲೇ ಸ್ಲೈಡಿಗೆ ಸವರಿ, ಬಣ್ಣ ಹಾಕಿ, ಎರಡೇ ನಿಮಿಷದಲ್ಲಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ರೋಗಿ ಎಚ್ಚರವಾಗಿರುತ್ತಾರೆ, ಹಾಗಾಗಿ ನಾನು ಆಡಬಹುದಾದ ಮಾತು ಎರಡೇ. ರೋಗ ಗುರುತಿಸುವಷ್ಟು ಸಿಕ್ಕಿದ್ದರೆ "ಸಾಕು", ಇಲ್ಲದಿದ್ದರೆ "ಇನ್ನೊಂದು".

ಇವತ್ತು ಮೊದಲ ಸ್ಲೈಡಿನಲ್ಲೇ ಕ್ಯಾನ್ಸರಿನ ಜೀವಕೋಶಗಳು ಗುಂಪುಗುಂಪಾಗಿ ಕಂಡವು. "ಸಾಕು" ಎಂದೆ.

ಡ್ರೈವರಿಗೆ ಖುಷಿಯೋ ಖುಷಿ. "ಇಷ್ಟು ಬೇಗ ಮುಗೀತಾ? ನಿನ್ನ ಕೈಗುಣ ಚೆನ್ನಾಗಿದೆ ಕಣಮ್ಮಾ," ಎಂದರು. ಗ್ಲೌಸ್ ಬಿಚ್ಚುವ ನೆಪದಲ್ಲಿ ಬೆನ್ನು ತಿರುಗಿಸಿದೆ.

ನಿನ್ನ ಸರದಿಯ ದಿನ ಎಲ್ಲರೂ ರಜೆ ಹಾಕು ಎಂದಿದ್ದರು. ಹಟ ಹಿಡಿದು ನಾನೇ ನಿಂತೆ, ನಾಲ್ಕು ಸಲ "ಇನ್ನೊಂದು" ಎಂದೆ. ಮೂರನೆಯ ಸಲಕ್ಕೆ ಡಾಕ್ಟರು, "ಇನ್ನೂ ಸಾಲ್ದೇನಮ್ಮಾ?" ಎಂದು ನನ್ನ ಮುಖ ನೋಡಿದರು. ನೀನು ಹಲ್ಲು ಕಚ್ಚಿಕೊಂಡೇ, "ಅವಳಿಗೆ ಗದರ್ಬೇಡಿ ಡಾಕ್ಟ್ರೇ. ನನ್ನ ಮಗಳ ಕೆಲಸ ಅಂದ್ರೆ ಅಚ್ಚುಕಟ್ಟು. ಇನ್ನೊಂದು ಚುಚ್ಚಿ, ತಡ್ಕೋತೀನಿ," ಎಂದೆ.

ನಿನ್ನ ಐದು ಸ್ಲೈಡುಗಳೂ ಲ್ಯಾಬಿನ ಬೀರುವಿನಲ್ಲಿವೆ. ಡ್ರೈವರು ಹೋದ ಮೇಲೆ ತೆಗೆದು, ಸಾಲಾಗಿಟ್ಟು, ಒಂದೊಂದನ್ನೇ ಮತ್ತೆ ನೋಡಿದೆ.

ಮೊದಲನೆಯದೇ ಸಾಕಾಗಿತ್ತು, ಅಪ್ಪಾ.