ಮೂವರಿಗೊಂದು ಕೊಡೆ

ಪ್ರೀತಿಯ ಅಪ್ಪನಿಗೆ,

ಸಮಸ್ತ ಬಂಧುಬಾಂಧವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಕುಟುಂಬವು ಒಂದು ಕೊಡೆ ಕೊಂಡಿದೆ! ನಾವು ಓಡಿಬಂದ ಈ ಊರಿನಲ್ಲಿ ಮಳೆಯೊಂದೇ ಪುಕ್ಕಟೆ, ಉಳಿದದ್ದೆಲ್ಲ ಮುಟ್ಟಿದರೆ ಕೈ ಸುಡುತ್ತದೆ. ಹಾಗಾಗಿ ನನಗೂ ಇಬ್ಬರು ಮಕ್ಕಳಿಗೂ ಸೇರಿ ಒಂದೇ ಕೊಡೆ.

ಅದು ವಾರವೂ ಬಾಳಲಿಲ್ಲ. ಮೊನ್ನೆ ಮಧ್ಯಾಹ್ನ ನಿಮ್ಮ ಅಳಿಯಂದಿರು ಬಾಗಿಲು ಒದ್ದು ದಯಮಾಡಿಸಿದರು. ಕೈಯಲ್ಲಿ ನಾನು ನಿಮಗೆ ಬರೆದ ಪತ್ರದ ಲಕೋಟೆ.

"ಮಾವ ಅಂಚೆಚೀಟಿ ಆಲ್ಬಮ್ ತೋರ್ಸಿದ್ರು ಕಣೇ. ಲಕೋಟೆ ಸಮೇತ ಇಟ್ಟಿದಾರೆ, ಪಾಪ!" ಎಂದವರೇ ಜಡೆ ಹಿಡಿದು ನನ್ನ ತಲೆಯನ್ನು ಮೂರು ಸಲ ಗೋಡೆಗೆ ಚಚ್ಚಿದರು. ನಾಲ್ಕನೆಯದಕ್ಕೆ ಮೊದಲು ನಿಮ್ಮ ಮೊಮ್ಮಗಳು "ಬಿಡು ನಮ್ಮಮ್ಮನ್ನ!" ಎಂದು ಕೊಡೆಯಿಂದ ಅವರ ಬಾಯಿಗೇ ಬಾರಿಸಿದಳು. ಕೊಡೆಯ ಮೂರು ಕಡ್ಡಿ, ಅವರ ಒಂದು ಹಲ್ಲು ಮುರಿದವು. ಕೆಳಮನೆಯ ಬಡಗಿ ಸುತ್ತಿಗೆ ಹಿಡಿದು ಮೇಲೆ ಬಂದಾಗ ಓಡಿದರು.

ನನ್ನ ಹಣೆಗೆ ಏಳು ಹೊಲಿಗೆ. ದರ್ಜಿಯಾಗಿ ಹೇಳುತ್ತೇನೆ, ಡಾಕ್ಟರ ಕೈ ಅಷ್ಟು ನೀಟಲ್ಲ.

ನಾಳೆ ಮತ್ತೆ ಮನೆ ಬದಲಾಯಿಸುತ್ತಿದ್ದೇವೆ. ಹೊಸ ವಿಳಾಸ ಲಕೋಟೆಯ ಹಿಂದಿದೆ. ಒಂದು ಸಣ್ಣ ಉಪಕಾರ ಅಪ್ಪ: ವಿಳಾಸ ಬಾಯಿಪಾಠ ಮಾಡಿಕೊಳ್ಳಿ, ಅಂಚೆಚೀಟಿಯನ್ನಷ್ಟೇ ಕತ್ತರಿಸಿಕೊಳ್ಳಿ, ಲಕೋಟೆಯನ್ನು ಒಲೆಗೆ ಹಾಕಿ.

ನಿಮ್ಮ ಮಗಳು